ಕಡಲ ದಂಡೆಯ ನೆರೆಹೊರೆ



ಹಗಲು ಮಿಲ್ಲಿನ ಲೆಕ್ಕ, ರಾತ್ರಿ ಆಮೆಯ ಲೆಕ್ಕ. ಇದು ನನ್ನ ಪಾಡು. ಚೆನ್ನೈಯ ನೀಲಾಂಕರೈಯಿಂದ ಬೆಸೆಂಟ್ ನಗರದವರೆಗಿನ ದಂಡೆಯಲ್ಲಿ ಜನವರಿಯಿಂದ ಸ್ವಯಂಸೇವಕರು ರಾತ್ರಿ ನಡೆಯುತ್ತಾರೆ. 1988ರಿಂದ ವಿದ್ಯಾರ್ಥಿಗಳ ಸಂಘವೊಂದು ಈ ಕೆಲಸ ನಡೆಸಿಕೊಂಡು ಬಂದಿದೆ. ಆಲಿವ್ ರಿಡ್ಲೆ ಆಮೆ ಒಂದು ಗುಂಡಿಯಲ್ಲಿ ನೂರರಷ್ಟು ಮೊಟ್ಟೆ ಇಡುತ್ತದೆ. ನಾಯಿಗಳ ಪಾಲಾಗದಂತೆ ಅವನ್ನು ಬೇಲಿಯೊಳಗೆ ಹೂಳುತ್ತೇವೆ. ಸುಮಾರು 50 ದಿನಕ್ಕೆ ಮರಿಗಳು ಏಳುತ್ತವೆ.

ಬೆಳಕು ಹರಿದಾಗ ಏಡಿಗಳು ಬಿಲ ಸೇರುತ್ತವೆ. ಚಳಿಗಾಲಕ್ಕೆ ಉತ್ತರದಿಂದ ಬಂದ ಗೊರವ ಹಕ್ಕಿಗಳು ತೆರೆ ಸರಿದಾಗ ಓಡಿ ಹುಳು ಹೆಕ್ಕುತ್ತವೆ, ತೆರೆ ಬಂದಾಗ ಹಿಂದೋಡುತ್ತವೆ.

ಆಮೆ ಉಸಿರಿಗೆ ಮೇಲೆ ಬರಲೇಬೇಕು. ಬಲೆಗೆ ಸಿಕ್ಕರೆ ಮುಳುಗಿ ಸಾಯುತ್ತದೆ. 2025ರ ಜನವರಿಯಲ್ಲಿ ಈ ದಂಡೆಗೆ ನೂರಾರು ಹೆಣಗಳು ಬಂದು ಬಿದ್ದವು. ಉಳಿದ ಮರಿಗಳಿಗೆ ನಮ್ಮ ದೀಪಗಳೇ ಶತ್ರು: ಬೆಳಕನ್ನು ಕಡಲೆಂದು ತಿಳಿದು ಬೀದಿಗೆ ಬರುತ್ತವೆ. ಕಡಲ ಬದಿಯ ಮನೆಯವರು ರಾತ್ರಿ ಹೊರದೀಪ ಆರಿಸಿದರೆ ಅದೇ ದೊಡ್ಡ ಉಪಕಾರ.