ಹೊಲ ಕಾಯುವ ಕೋವಿಗೆ ಯಾವ ತೋಟಾ?

(ಯಲಹಂಕದ ರೈತರ ಸಭೆಯಲ್ಲಿ ಗ್ರಾಮ ಸೇವಕರೊಬ್ಬರು ಮಾಡಿದ ಭಾಷಣ)



ಕಳೆದ ಸಭೆ ಮುಗಿದ ಮೇಲೆ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. “ರಾಗಿ ಹಾಲುಗಟ್ಟುವ ಹೊತ್ತಿಗೆ ಹಂದಿ ನುಗ್ಗುತ್ತದೆ. ಕೋವಿ ಕೊಳ್ಳೋಣ ಅಂತಿದ್ದೇನೆ. ಯಾವ ನಂಬರಿನ ತೋಟಾ ಒಳ್ಳೆಯದು?” ಎಂದು ಕೇಳಿದರು. ಈ ಪ್ರಶ್ನೆ ಹಲವರ ಮನಸ್ಸಿನಲ್ಲಿದೆ. ಆದುದರಿಂದ ಎಲ್ಲರ ಮುಂದೆಯೇ ಉತ್ತರ ಹೇಳುತ್ತೇನೆ.

ಮೊದಲು ನಂಬರಿನ ಅರ್ಥ ತಿಳಿಯೋಣ. ಒಂದು ಪೌಂಡು ಸೀಸವನ್ನು 12 ಸಮ ಉಂಡೆ ಮಾಡಿದರೆ, ಒಂದು ಉಂಡೆ ಹಿಡಿಸುವಷ್ಟು ನಳಿಗೆಯೇ 12 ಬೋರ್, ಸುಮಾರು 18.5 ಮಿಲಿಮೀಟರ್. 16 ಬೋರ್ ಅದಕ್ಕಿಂತ ಕಿರಿದು. ತೋಟಾದೊಳಗಿನ ಚರೆಗೂ ನಂಬರುಂಟು. ಅಲ್ಲಿಯೂ ನಂಬರು ಹೆಚ್ಚಿದಷ್ಟೂ ಚರೆ ಸಣ್ಣದು. 8ನೇ ನಂಬರು ಸಾಸಿವೆಯಂತೆ, ಎಲ್.ಜಿ. ಎಂಬುದು ಬಟಾಣಿಗಿಂತ ದಪ್ಪ.

ರೈಫಲಿನ ಲೆಕ್ಕ ಬೇರೆ. ಅದರ ನಳಿಗೆಯೊಳಗೆ ಸುರುಳಿ ಗೀರುಗಳಿವೆ. ಒಂಟಿ ಗುಂಡು ಬುಗುರಿಯಂತೆ ತಿರುಗುತ್ತಾ ನೆಟ್ಟಗೆ ಹೋಗುತ್ತದೆ. ಅದರ ನಂಬರು ಅಂಗುಲದ ಅಳತೆ. ಪಾಯಿಂಟ್ 22 ಎಂದರೆ ಅಂಗುಲದ ನೂರರಲ್ಲಿ 22 ಭಾಗ. ಪಾಯಿಂಟ್ 315 ಎಂದರೆ ಸುಮಾರು 8 ಮಿಲಿಮೀಟರ್. ಇಲ್ಲಿ ನಂಬರು ಹೆಚ್ಚಿದರೆ ಗುಂಡು ದಪ್ಪ.

“ಹಾಗಾದರೆ ದೊಡ್ಡದೇ ಇರಲಿ” ಎನ್ನಬೇಡಿ. ಹಂದಿ ಯಾವುದರಿಂದ ಬೀಳುತ್ತದೆ ಎಂಬುದಕ್ಕಿಂತ, ತಪ್ಪಿದ ಗುಂಡು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ಕೇಳಿ. ಚರೆಯ ಏಟು ಗುರಿಗೆ ನಿಲ್ಲುವುದು ಸುಮಾರು 40 ಗಜ. ಆದರೆ ಚರೆ ಅದಕ್ಕಿಂತ ಬಹಳ ದೂರ ಹಾರುತ್ತದೆ. ಪುಟ್ಟ ಪಾಯಿಂಟ್ 22 ಗುಂಡೂ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಹೋಗಬಲ್ಲದು. ನಮ್ಮ ಯಲಹಂಕದ ಸುತ್ತ ಒಂದೂವರೆ ಕಿಲೋಮೀಟರು ಬರಿದಾದ ಜಾಗ ಎಲ್ಲಿದೆ? ಹೊಲದ ಬದುವಿಗೇ ಬಡಾವಣೆ ಬಂದಿದೆ. ರಾತ್ರಿ ಕರೆಂಟು ಬಂದಾಗ ಪಂಪು ಹಾಕಲು ಹೋಗುವವರು ನೀವೇ ಅಲ್ಲವೇ?

ನಮ್ಮ ಊರಿನಲ್ಲಿ ನಡೆದುದನ್ನು ಹೇಳುತ್ತೇನೆ. ನಾನು ಹುಡುಗನಾಗಿದ್ದಾಗ ನಮ್ಮ ಬಂಧು ಒಬ್ಬರು ಅವರೆ ಸಾಲು ಅಲುಗಿದ್ದನ್ನು ಕಂಡು ಕೋವಿ ಹಾರಿಸಿದರು. ಬೆಳಗಾಗಿ ನೋಡಿದರೆ ನೆರೆಯವರ ಕಡಸು ಬಿದ್ದಿತ್ತು. ಅದರ ಹಗ್ಗ ಹಿಡಿದುಕೊಂಡು ಬರಬೇಕಾಗಿದ್ದ ಹುಡುಗ ಅಂದು ಜ್ವರದಿಂದ ಮಲಗಿದ್ದ. ಕಡಸಿನ ಬೆಲೆ ಕೊಟ್ಟು ತೀರಿತು. ಆದರೆ ಆ ಬಂಧು ಮತ್ತೆ ಕೋವಿ ಮುಟ್ಟಲಿಲ್ಲ.

ಇನ್ನು ಕಾನೂನು. ಬೇಟೆಯಾಡುವ ಕಾಲ ಮುಗಿಯಿತು, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈಗ ಅದನ್ನು ನಿಷೇಧಿಸುತ್ತದೆ. 2022ರ ತಿದ್ದುಪಡಿಯಂತೆ ನವಿಲು ಒಂದನೆಯ ಅನುಸೂಚಿಯಲ್ಲಿದೆ, ಕಾಡುಹಂದಿ ಎರಡನೆಯದರಲ್ಲಿದೆ. ಬೆಳೆ ತಿಂದ ಹಂದಿಯನ್ನು ಹೊಡೆಯಲೂ ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಅಪ್ಪಣೆ ಬೇಕು. ಕೋವಿಯ ಲೈಸೆನ್ಸು ಆ ಅಪ್ಪಣೆಯಲ್ಲ. 1959ರ ಆಯುಧ ಕಾಯಿದೆ ಬೆಳೆ ರಕ್ಷಣೆಗೆ ಹೇಳುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ, 20 ಅಂಗುಲಕ್ಕೆ ಕಡಿಮೆಯಿಲ್ಲದ ನಯವಾದ ನಳಿಗೆಯ ಕೋವಿಯನ್ನು. ರೈಫಲಿನ ಹೆಸರು ಆ ಮಾತಿನಲ್ಲಿಲ್ಲ.

“ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ” ಎಂದು ಕೆಲವರು ಕೇಳುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಇರುವುದು ನಿಜ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. ಆದರೆ ಅದು ಕೋವಿ ಇಟ್ಟುಕೊಳ್ಳುವ ವಿನಾಯಿತಿ, ಬೇಟೆಯ ಅಪ್ಪಣೆಯಲ್ಲ. ನಮಗಂತೂ ಎರಡೂ ಇಲ್ಲ.

ಹಾಗಾದರೆ ಬೆಳೆಯ ಗತಿಯೇನು? ಹಂದಿ ಬರುವ ಜಾಡನ್ನು ಗುರುತಿಸಿ, ಅಕ್ಕಪಕ್ಕದವರು ಕೂಡಿ ಸೌರ ಬೇಲಿ ಹಾಕಿ. ಅದು ಬಿಟ್ಟುಬಿಟ್ಟು ಕೊಡುವ ಸಣ್ಣ ಏಟಿನಿಂದ ಹೆದರಿಸುತ್ತದೆ, ಕೊಲ್ಲುವುದಿಲ್ಲ. ಲೈನಿನಿಂದ ನೇರವಾಗಿ ತಂತಿಗೆ ಕರೆಂಟು ಕೊಡಬೇಡಿ. ಅದಕ್ಕೆ ಮನುಷ್ಯ ಯಾರು, ಹಂದಿ ಯಾವುದು ತಿಳಿಯದು. ಸಿಡಿಮದ್ದು, ಉರುಳು ಕೂಡದು. ತೆನೆ ಬಲಿಯುವ ವಾರಗಳಲ್ಲಿ ಸರದಿಯ ಮೇಲೆ ಕಾವಲು ಕಾಯಿರಿ. ತಮಟೆ, ಡಬ್ಬ, ದೀಪ ಇರಲಿ. ನಷ್ಟವಾದರೆ ಫೋಟೋ ತೆಗೆದು, ತಡಮಾಡದೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ. ಅರ್ಜಿ ಬರೆಯಲು ನಾನಿದ್ದೇನೆ.

ಯಾವ ತೋಟಾ ಎಂದು ಕೇಳಿದ ಹಿರಿಯರಿಗೆ ನನ್ನ ಉತ್ತರ ಇಷ್ಟೇ: ನಮ್ಮ ಹೊಲಕ್ಕೆ ಯಾವುದೂ ಹೊಂದುವುದಿಲ್ಲ. ಹೋದ ರಾಗಿ ಮುಂದಿನ ಮುಂಗಾರಿಗೆ ಮತ್ತೆ ಬರುತ್ತದೆ.