ಸೊನ್ನೆ ಅಂಕದ ರೋಗಿ

ಎಮರ್ಜೆನ್ಸಿ ವಾರ್ಡಿನ ಬಾಗಿಲಲ್ಲಿ ಇಬ್ಬರಿದ್ದಾರೆ. ಬೈಕಿನಿಂದ ಬಿದ್ದು ಹೊಟ್ಟೆಯೊಳಗೆ ರಕ್ತ ಸೋರುತ್ತಿರುವ 24ರ ಹುಡುಗ. ಶುಗರ್, ಕಿಡ್ನಿ ತೊಂದರೆ ಎರಡೂ ಇರೋ, ಕಾಲು ಉಳುಕಿಸಿಕೊಂಡು ಬಂದ ಅಜ್ಜ. ಮೊದಲು ಯಾರನ್ನು ನೋಡಬೇಕು?

1987ರಲ್ಲಿ ನ್ಯೂಯಾರ್ಕಿನ ವೈದ್ಯೆ ಮೇರಿ ಚಾರ್ಲ್ಸನ್ ಮತ್ತು ಸಂಗಡಿಗರು 19 ಕಾಯಿಲೆಗಳಿಗೆ ಅಂಕ ಕೊಟ್ಟರು. ಹಿಂದೆ ಹಾರ್ಟ್ ಅಟ್ಯಾಕ್ ಆಗಿದ್ದರೆ 1, ಕಿಡ್ನಿ ಕೆಟ್ಟಿದ್ದರೆ 2, ಹರಡಿದ ಕ್ಯಾನ್ಸರಿಗೆ 6. ಈ ಲೆಕ್ಕದಲ್ಲಿ ನಮ್ಮ ಹುಡುಗನಿಗೆ ಸೊನ್ನೆ! ಇಂಜಿನಿಯರಿಂಗ್ ಓದಿದವನು ನಾನು, ನಂಬರ್ ಕಂಡರೆ ನಂಬೋ ಚಟ. ಆದರೆ ಈ ಅಂಕ ಹೇಳೋದು ಮುಂದಿನ ಒಂದು ವರ್ಷದಲ್ಲಿ ಸಾವಿನ ಸಂಭವ ಎಷ್ಟು ಅನ್ನೋದನ್ನ, ಮುಂದಿನ ಹತ್ತು ನಿಮಿಷದ್ದಲ್ಲ. ಅದಕ್ಕೆ ನಾಡಿ, ಬಿಪಿ, ಉಸಿರೇ ನೋಡಬೇಕು.

ಹಾಗಂತ ಹಳೇ ಕಾಯಿಲೆ ಕೇಳೋದೇ ಬೇಡವೇ? ಬೇಕು. ಸಕ್ಕರೆ ಕಾಯಿಲೆಯವರಿಗೆ ಎದೆನೋವೇ ಇಲ್ಲದೆ ಹೃದಯಾಘಾತ ಆಗಬಹುದು. ಬರೀ ಸುಸ್ತು, ಬೆವರು. ಶುಗರ್ ಇದೆ ಅಂತ ಗೊತ್ತಿದ್ದರೆ ತಕ್ಷಣ ಇಸಿಜಿ. ಗೊತ್ತಿಲ್ಲದಿದ್ದರೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸಿಬಿಡೋ ಅಪಾಯವಿದೆ.

ನಮ್ಮ ಅಪ್ಪನನ್ನು ಹೀಗೇ ಒಂದು ರಾತ್ರಿ ಕರೆದೊಯ್ದಾಗ ನರ್ಸ್ ಕೇಳಿದರು, 'ಇವರು ಯಾವ್ಯಾವ ಮಾತ್ರೆ ತಗೋತಾರೆ?' ದಿನಾ ಒಂಬತ್ತು ಗಂಟೆಗೆ ರಾಜ್ಯಕ್ಕೆಲ್ಲ ಪ್ರಶ್ನೆ ಕೇಳೋ ನಾನು ಅಂದೆ, 'ಬಿಳೀದು, ಚಿಕ್ಕದು.'