ಐವತ್ತು ವ್ಯಾಟಿನ ಬಾನುಲಿಯಲ್ಲಿ ರೆಗೆ



ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಮಗ್ಗುಲಲ್ಲೇ ಇರುವಾಗ, ಸವದತ್ತಿಯ ಗುಡ್ಡದಲ್ಲಿ ಚೌಡಿಕೆಯೂ ಹಳ್ಳಿಹಳ್ಳಿಯ ಜಾತ್ರೆಗಳಲ್ಲಿ ಕರಡಿ ಮಜಲೂ ಇಂದಿಗೂ ಮೊಳಗುತ್ತಿರುವಾಗ, ಕೆರಿಬಿಯನ್ ಸಮುದ್ರದ ಒಂದು ದ್ವೀಪದ ಸಂಗೀತವನ್ನು ಬೆಳಗಾವಿಯ ಜನರಿಗೆ ವಾರವಾರವೂ ಕೇಳಿಸುವುದರಿಂದ ಯಾರಿಗೆ ಏನು ಪ್ರಯೋಜನ ಎಂದು ನನ್ನನ್ನು ಕೇಳಿದವರು ಹಲವರಿದ್ದಾರೆ. ನಗರದ ಒಂದು ಪುಟ್ಟ ಸಮುದಾಯ ಬಾನುಲಿ ಕೇಂದ್ರದಲ್ಲಿ ಪ್ರತಿ ರವಿವಾರ ರಾತ್ರಿ ಅರ್ಧ ಗಂಟೆಯ ರೆಗೆ ಕಾರ್ಯಕ್ರಮವನ್ನು ನಡೆಸಿಕೊಂಡು ಬಂದವನು ನಾನು. ನಾಲ್ಕು ಹಾಡು, ಹಾಡುಹಾಡಿನ ನಡುವೆ ಕನ್ನಡದಲ್ಲಿ ನಾಲ್ಕು ಮಾತು, ಇಷ್ಟೇ ಅದರ ಸ್ವರೂಪ. ಕೇಳಿದವರ ಪ್ರಶ್ನೆ ನ್ಯಾಯವಾದುದು. ಅದಕ್ಕೆ ನನಗೆ ತೋಚಿದ ಉತ್ತರವನ್ನೂ, ಆ ಉತ್ತರವನ್ನು ಖಾನಾಪುರದ ಒಬ್ಬ ಅಜ್ಜಿ ತಿದ್ದಿದ ಬಗೆಯನ್ನೂ ಇಂದು ತಮ್ಮ ಮುಂದೆ ನಿವೇದಿಸಬೇಕೆಂದಿದ್ದೇನೆ.

ಸಮುದಾಯ ಬಾನುಲಿ ಎಂಬುದು ಬೆಳಗಾವಿಗೆ ಅಪರಿಚಿತವಲ್ಲ, ಕೆ.ಎಲ್.ಇ. ಸಂಸ್ಥೆಯ 'ವೇಣುಧ್ವನಿ'ಯನ್ನು ಕೇಳದವರು ಇಲ್ಲಿ ವಿರಳ. ಗಾಳಿಯ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಸಾರಿದ ಬಳಿಕ, 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೂ 2006ರಲ್ಲಿ ಜನರ ಸಂಘಸಂಸ್ಥೆಗಳಿಗೂ ಸಣ್ಣ ಬಾನುಲಿಯನ್ನು ನಡೆಸುವ ಅನುಮತಿ ದೊರೆಯಿತು. ಪ್ರಸಾರಯಂತ್ರದ ಶಕ್ತಿ 50 ವ್ಯಾಟ್, ಗೋಪುರದ ಎತ್ತರ ಹೆಚ್ಚೆಂದರೆ 30 ಮೀಟರ್. ಧ್ವನಿಯು ಮುಟ್ಟುವುದು ಸುಮಾರು ಹತ್ತು ಕಿಲೋಮೀಟರ್. ಇದನ್ನು ಅಲ್ಪವೆಂದು ಬಗೆಯುವವರು, 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ 'ಆಕಾಶವಾಣಿ'ಯನ್ನು ಆರಂಭಿಸಿದಾಗ ಅವರ ಕೈಯಲ್ಲಿದ್ದುದು 30 ವ್ಯಾಟಿನ ಯಂತ್ರವೆಂಬುದನ್ನು ನೆನೆಯಬೇಕು. ಇಂದು ದೇಶವೆಲ್ಲ ಬಳಸುವ ಆ ಹೆಸರು ನಮ್ಮ ನಾಡಿನಲ್ಲಿ ಅಷ್ಟು ಕಿರಿದಾದ ಕಂಠದಿಂದಲೇ ಹೊರಟಿತು.

ಕಾರ್ಯಕ್ರಮವನ್ನು ಆರಂಭಿಸಿದ ಹೊಸತರಲ್ಲಿ ನನ್ನ ಧ್ವನಿ ಎಲ್ಲಿಯವರೆಗೆ ಸಾಗುವುದೋ ನೋಡಬೇಕೆನಿಸಿ, ಮುದ್ರಿಸಿಟ್ಟ ಕಂತು ಮರುಪ್ರಸಾರವಾಗುವ ಒಂದು ಮಧ್ಯಾಹ್ನ, ಕೈಯಲ್ಲೊಂದು ಪುಟ್ಟ ರೇಡಿಯೋ ಹಿಡಿದು ಖಾನಾಪುರದ ಬಸ್ಸು ಹತ್ತಿದೆ. ಉದ್ಯಮಬಾಗದವರೆಗೂ ಹಾಡು ಸ್ಪಷ್ಟವಾಗಿತ್ತು. ಪೀರನವಾಡಿ ದಾಟಿದ ಮೇಲೆ ಗಿಟಾರಿನ ನಾದದ ಅಂಚಿಗೆ ಮರಳು ಬೆರೆಯತೊಡಗಿತು. ಮಚ್ಛೆಯ ಬಳಿ ನನ್ನ ಮಾತು ಮುಳುಗುತ್ತ ಏಳುತ್ತ ಬಂದು, ದೇಸೂರಿನಾಚೆ ಬರಿಯ ಸುಯ್ಲಾಯಿತು. ಹದಿನೈದು ಇಪ್ಪತ್ತು ನಿಮಿಷದ ಪ್ರಯಾಣದಲ್ಲಿ ನನ್ನ ಶ್ರೋತೃಮಂಡಲದ ಸೀಮೆಯನ್ನು ಕಿವಿಯಿಂದಲೇ ಅಳೆದಂತಾಯಿತು. ಮಲಪ್ರಭೆಯ ಸೇತುವೆ, ಹಂಚಿನ ಭಟ್ಟಿಗಳು, ಅದರಾಚೆಯ ಕಾಡು, ಇವೆಲ್ಲವೂ ಆ ಸೀಮೆಯ ಹೊರಗೆ.

ಇನ್ನು ಸಂಗೀತದ ವಿಷಯ. ರೆಗೆ ಎಂಬ ಶಬ್ದವು ಧ್ವನಿಮುದ್ರಿಕೆಯೊಂದರ ಹೆಸರಿನಲ್ಲಿ ಕಾಣಿಸಿಕೊಂಡುದು 1968ರಲ್ಲಿ, ಟೂಟ್ಸ್ ಮತ್ತು ಅವನ ಮೇಟಲ್ಸ್ ಮೇಳದವರ ಹಾಡಿನಿಂದ. ಆದರೆ ಅದರ ಬೇರು ಜಮೈಕದ ಕಿಂಗ್‌ಸ್ಟನ್ ನಗರದ ಬಡವರ ಬೀದಿಗಳಲ್ಲಿ, 1950ರ ಸುಮಾರಿಗಾಗಲೇ ಇಳಿದಿತ್ತು. ಹಣವುಳ್ಳವರ ನೃತ್ಯಶಾಲೆಗಳಿಗೆ ಪ್ರವೇಶವಿಲ್ಲದವರು, ವಾದ್ಯಮೇಳವನ್ನು ಕರೆಸಲಾಗದವರು, ಆಳೆತ್ತರದ ಧ್ವನಿಪೆಟ್ಟಿಗೆಗಳನ್ನು ತಾವೇ ಕಟ್ಟಿ, ಲಾರಿಯಲ್ಲಿ ಹೇರಿಕೊಂಡು ಹೋಗಿ, ಬಯಲಿನಲ್ಲಿ ರೆಕಾರ್ಡು ಹಾಕಿ ಕುಣಿದರು. ಅದನ್ನು ಸೌಂಡ್ ಸಿಸ್ಟಮ್ ಎಂದು ಕರೆಯುತ್ತಿದ್ದರು. ರೆಕಾರ್ಡನ್ನು ಆರಿಸಿ ಹಾಕುವವನು ಸೆಲೆಕ್ಟರ್. ಅದರ ಮೇಲೆ ಪ್ರಾಸಬದ್ಧವಾಗಿ ಮಾತು ಹೆಣೆಯುವವನು ಡೀಜೆ. ಕಾಕ್ಸನ್ ಡಾಡ್‌ನಂಥವರು ಇಂತಹ ಬಯಲು ಮೇಳಗಳಿಂದಲೇ ಬೆಳೆದು ಮುಂದೆ ಧ್ವನಿಮುದ್ರಣಾಲಯಗಳನ್ನು ಕಟ್ಟಿದರು. ಇಷ್ಟಾದರೂ ಆ ದೇಶದ ಬಾನುಲಿಯು ತನ್ನ ಬೀದಿಯ ಸಂಗೀತಕ್ಕಿಂತ ಹೊರದೇಶದ ಹಾಡುಗಳಿಗೇ ಹೆಚ್ಚು ಮಣೆ ಹಾಕುತ್ತಿದ್ದಿತು. 1970ರ ದಶಕದ ಉತ್ತರಾರ್ಧದಲ್ಲಿ ಜಮೈಕದ ಪ್ರಸಾರ ನಿಗಮದಲ್ಲಿ ತಂತ್ರಜ್ಞನಾಗಿದ್ದ ಮೈಕಲ್ ಕ್ಯಾಂಪ್‌ಬೆಲ್ ಎಂಬಾತನು, ಮೈಕಿ ಡ್ರೆಡ್ ಎಂಬ ಹೆಸರಿನಿಂದ, ಊರೆಲ್ಲ ಮಲಗುವ ಹೊತ್ತಿನಲ್ಲಿ ಜಮೈಕದ ಸಂಗೀತವನ್ನು ಮಾತ್ರ ಕೇಳಿಸುವ ಕಾರ್ಯಕ್ರಮವೊಂದನ್ನು ನಡೆಸಿದನು. ನಿದ್ದೆಗೆಟ್ಟು ಕೇಳುವವರು ದ್ವೀಪದಲ್ಲೆಲ್ಲ ಹುಟ್ಟಿಕೊಂಡರು. ರೆಗೆಯನ್ನೇ ಉಸಿರಾಗಿಸಿಕೊಂಡ ಐರಿ ಎಫ್.ಎಂ. ಎಂಬ ಕೇಂದ್ರವು ಅಲ್ಲಿ ಆರಂಭವಾದುದು 1990ರಲ್ಲಿ. ಆ ವೇಳೆಗೆ ರೆಗೆಯ ಹೆಸರಾಂತ ಗಾಯಕ ಬಾಬ್ ಮಾರ್ಲಿ ತೀರಿಕೊಂಡು ಒಂಬತ್ತು ವರ್ಷಗಳಾಗಿದ್ದುವು.

ದೊಡ್ಡ ಬಾನುಲಿಯಲ್ಲಿ ಎಡೆ ಸಿಗದವರು ತಮ್ಮ ಧ್ವನಿಪೆಟ್ಟಿಗೆಯನ್ನು ತಾವೇ ಕಟ್ಟಿಕೊಂಡ ಕಥೆ ಇದು. ಸಮುದಾಯ ಬಾನುಲಿಯ ಕಥೆಯೂ ಅದೇ. ಆದುದರಿಂದ ರೆಗೆಯು 50 ವ್ಯಾಟಿನ ಕೇಂದ್ರಕ್ಕೆ ಪರದೇಶದ ಅತಿಥಿಯಲ್ಲ, ಒಂದೇ ಅಗತ್ಯದಿಂದ ಹುಟ್ಟಿದ ಒಡಹುಟ್ಟು ಎಂಬುದು ನನ್ನ ನಂಬಿಕೆ.

ಶ್ರೋತೃಗಳು ಮಾತ್ರ ಮೊದಮೊದಲು ತೊಡಕಿಗೆ ಸಿಕ್ಕಿದರು. ತಬಲಾ ಬಲ್ಲ ಹಿರಿಯರೊಬ್ಬರು ಎರಡನೆಯ ವಾರವೇ ಫೋನು ಮಾಡಿ, "ಎಲ್ಲಾ ಛಲೋ ಐತ್ರಿ, ಆದ್ರ ಇದರಾಗ ಸಮ್ ಎಲ್ಲಿ ಐತಿ?" ಎಂದು ಕೇಳಿದರು. ಆ ಪ್ರಶ್ನೆಯಿಂದ ನನಗಾದ ಉಪಕಾರ ಬಹಳ ದೊಡ್ಡದು. ನಾಲ್ಕು ಮಾತ್ರೆಗಳ ಆವರ್ತದಲ್ಲಿ ನಾವು ತಲೆದೂಗಿ ಬಂದು ನಿಲ್ಲುವ ಮೊದಲ ಮಾತ್ರೆಯ, ಅಂದರೆ ಸಮ್‌ನ, ಮೇಲೆ, ಪ್ರಸಿದ್ಧವಾದ ಒಂದು ಬಗೆಯ ರೆಗೆಯಲ್ಲಿ, ಡ್ರಮ್ಮಿನ ಪೆಟ್ಟು ಬೀಳುವುದೇ ಇಲ್ಲ. ಭಾರವೆಲ್ಲ ಮೂರನೆಯ ಮಾತ್ರೆಗೆ. ಗಿಟಾರು ಎರಡು ಮತ್ತು ನಾಲ್ಕನೆಯ ಮಾತ್ರೆಗಳನ್ನು ಕತ್ತರಿಸಿದಂತೆ ಮೀಟುತ್ತದೆ. ತೀನ್‌ತಾಲದಲ್ಲಿಯೂ ಖಾಲಿ ಇದೆ, ತಬಲಾದ ಎಡಗೈಯ ಬಾಯಾಂ ಅಲ್ಲಿ ಮೌನ ತಾಳುತ್ತದೆ. ಆದರೆ ಆ ಖಾಲಿ ಆವರ್ತದ ನಡುಮನೆಯಲ್ಲಿದೆ, ಇವರದು ತಲೆಬಾಗಿಲಿನಲ್ಲೇ ಇದೆ. ಇದನ್ನು ಮುಂದಿನ ವಾರ ಮೇಜಿನ ಮೇಲೆ ಕೈತಟ್ಟಿ ತೋರಿಸಿದೆ. ಆ ಹಿರಿಯರು ಮತ್ತೆ ಫೋನು ಮಾಡಿ, "ಈಗ ಗೊತ್ತಾತು, ಸಮ್ ಐತಿ, ಮುಟ್ಟಂಗಿಲ್ಲ ಅಷ್ಟ" ಎಂದರು. ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಇನ್ನೊಂದು ವಾರ ನಾನು ಎಡವಿದೆ. 1960ರಲ್ಲಿ ಪ್ರಿನ್ಸ್ ಬಸ್ಟರ್ ಎಂಬಾತನು ಮುದ್ರಿಸಿದ ಫೋಕ್ಸ್ ಸೋದರರ ಹಾಡೊಂದರಲ್ಲಿ ಕೌಂಟ್ ಆಸಿ ಮತ್ತು ಅವನ ಸಂಗಡಿಗರು ಜಮೈಕದ ರಾಸ್ತಫಾರಿ ಪಂಥದ ಭೇರಿಗಳನ್ನು ನುಡಿಸಿದ್ದಾರೆ. ಬೀದಿಯ ಸಂಗೀತದೊಳಗೆ ಆ ಪಂಥದ ನಾದ ಬಂದು ಸೇರಿದ ಮಹತ್ತ್ವದ ಗಳಿಗೆ ಅದು. ಆ ಹಾಡನ್ನು ಕೇಳಿಸಿ, ಉತ್ಸಾಹದ ಭರದಲ್ಲಿ, ಇದೂ ನಮ್ಮ ಖಾನಾಪುರ ಹಳಿಯಾಳಗಳ, ಆಫ್ರಿಕ ಮೂಲದ ಸಿದ್ದಿಯರ ಧಮಾಮಿ ವಾದ್ಯವೂ ಒಂದೇ ತಾಯಿಯ ಮಕ್ಕಳು ಎಂದುಬಿಟ್ಟೆ. ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ದುಡಿಯುವ ಸಿದ್ದಿ ತರುಣನೊಬ್ಬ ಅದನ್ನು ಕೇಳಿ, "ಸರ್, ನಮ್ಮ ಬಗ್ಗೆ ಹೇಳಿದ್ರಿ. ನಮ್ಮ ಅಜ್ಜಿಗೂ ಒಮ್ಮೆ ಕೇಳಸ್ರಿ, ಅಲ್ಲಿ ನಿಮ್ಮ ರೇಡಿಯೋ ಹತ್ತೂದುಲ್ಲ" ಎಂದು ಆಹ್ವಾನವಿತ್ತನು.

ಖಾನಾಪುರ ತಾಲೂಕಿನ ದಕ್ಷಿಣದಂಚಿನಲ್ಲಿ, ಕಾಡು ಹಳಿಯಾಳದ ಕಡೆಗೆ ಮುಂದುವರಿಯುವಲ್ಲಿ ಅವರ ಮನೆ. ಕಾಡಿಗೆ ಜಿಲ್ಲೆಯ ಗಡಿ ತಿಳಿಯದು; ಕಾಗದಕ್ಕೆ ತಿಳಿಯುತ್ತದೆ. ಗಡಿಯಾಚೆಯ ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದುದು 2003ರಲ್ಲಿ. ಗಡಿಯ ಈಚೆ ಬೆಳಗಾವಿ ಧಾರವಾಡಗಳಲ್ಲಿರುವ ಅವರದೇ ನೆಂಟರಿಷ್ಟರಿಗೆ ಆ ಮನ್ನಣೆ ದೊರೆಯಲು 2020ರವರೆಗೆ ಕಾಯಬೇಕಾಯಿತು. ಹದಿನೇಳು ವರ್ಷ ಎಂದರೆ ಒಂದು ಮಗು ಹುಟ್ಟಿ ಕಾಲೇಜಿನ ಮೆಟ್ಟಿಲು ಹತ್ತುವಷ್ಟು ಕಾಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಾನು ಹೋದಾಗ ಧಮಾಮಿಯು ಅಡುಗೆಮನೆಯ ಒಲೆಯ ಬಳಿ ಗೋಡೆಗೊರಗಿ ನಿಂತಿದ್ದಿತು. ಮರದ ಬೊಡ್ಡೆಯನ್ನು ಕೊರೆದು ಎರಡೂ ಬಾಯಿಗೆ ಚರ್ಮ ಬಿಗಿದುದು. ಕೈ ಬೀಳುವ ಕಡೆ ಚರ್ಮವು ಕಪ್ಪಾಗಿ, ಎಣ್ಣೆ ಸವರಿದಂತೆ ಮಿನುಗುತ್ತಿದ್ದಿತು. ಮಳೆಗಾಲವಾದುದರಿಂದ ಒಲೆಯ ಕಾವು ಅದಕ್ಕೆ ಬೇಕಾಗಿದ್ದಿತು. ನಾನು ಫೋನಿನಲ್ಲಿ ಮುದ್ರಿಸಿ ತಂದಿದ್ದ ಕಾರ್ಯಕ್ರಮವನ್ನು ಅಜ್ಜಿ ಮೊದಲಿನಿಂದ ಕೊನೆಯವರೆಗೆ ಕೇಳಿದಳು. ಬಳಿಕ ಕೇಳಿದ ಮೊದಲ ಮಾತು, "ಅವರೂ ಬೆಂಕಿಗಿ ಕಾಸಿ ಬಾರಸ್ತಾರೇನು?" ಚರ್ಮದ ವಾದ್ಯವಾದ ಮೇಲೆ ಕಾಯಿಸದೆ ತೀರದು ಎಂದೆ. ಎರಡನೆಯ ಮಾತು, "ತಮ್ಮಾ, ನಮ್ಮ ಹಿರ್ಯಾರು ಯಾವ ಊರಿಂದ ಬಂದಾರಂತ ನಮಗ ಗೊತ್ತಿಲ್ಲ. ನಿನಗ ಹ್ಯಾಂಗ ಗೊತ್ತಾತು?"

ನನ್ನಲ್ಲಿ ಉತ್ತರವಿರಲಿಲ್ಲ. ಜಮೈಕಕ್ಕೆ ಸೆರೆಯಾಳುಗಳಾಗಿ ಹೋದವರಲ್ಲಿ ಬಹುಪಾಲು ಜನ ಆಫ್ರಿಕದ ಪಶ್ಚಿಮ ತೀರದವರು. ಪೋರ್ತುಗೀಜರ ಗೋವೆಯ ಮೂಲಕ ಘಟ್ಟದ ಕಾಡು ಸೇರಿದ ಸಿದ್ದಿಯರ ಪೂರ್ವಜರು ಪೂರ್ವ ತೀರದವರು. ನಡುವೆ ಒಂದು ಮಹಾಖಂಡವೇ ಇದೆ. ಒಂದೇ ತಾಯಿ ಎಂದುದು ನನ್ನ ಆಸೆಯೇ ಹೊರತು ಸತ್ಯವಲ್ಲವೆಂದು ಅಲ್ಲಿಯೇ ಒಪ್ಪಿಕೊಂಡೆ.

ಆ ಕಂತಿನ ಕೊನೆಯ ಹಾಡು ಮೆಲೋಡಿಯನ್ಸ್ ಮೇಳದವರು 1970ರಲ್ಲಿ ಹಾಡಿದ 'ರಿವರ್ಸ್ ಆಫ್ ಬ್ಯಾಬಿಲನ್'. ಬೋನಿ ಎಂ. ಮೇಳದವರ ದೆಸೆಯಿಂದ ಬೆಳಗಾವಿಯಲ್ಲಿಯೂ ಅನೇಕರಿಗೆ ಪರಿಚಿತವಾದ ಹಾಡು. ಅದರ ಅರ್ಥವೇನೆಂದು ಅಜ್ಜಿ ಕೇಳಿದಳು. ಸೆರೆಯಾಗಿ ಪರದೇಶಕ್ಕೆ ಹೋದವರು ಹೊಳೆಯ ದಂಡೆಯ ಮೇಲೆ ಕುಳಿತು ತಮ್ಮ ಊರನ್ನು ನೆನೆದು ಅತ್ತರು. ಬೈಬಲಿನ 137ನೆಯ ಕೀರ್ತನೆ ಎಂದು ಹೇಳಿದೆನೋ ಇಲ್ಲವೋ, ಕ್ರೈಸ್ತ ಮನೆತನದ ಆ ವೃದ್ಧೆ ಕಣ್ಣು ಮುಚ್ಚಿ, ಆ ಕೀರ್ತನೆಯನ್ನು ಕೊಂಕಣಿಯಲ್ಲಿ ಮೆಲ್ಲನೆ ಹೇಳತೊಡಗಿದಳು. ನಾನು ಚರ್ಮದಲ್ಲಿ ಹುಡುಕಲು ಹೋದ ನಂಟು ಮಾತಿನಲ್ಲಿ ಇದ್ದಿತು. ಒಡೆಯರ ಕೈಯಿಂದ ಬಂದ ಗ್ರಂಥದೊಳಗಿಂದ, ಎರಡು ಸಮುದ್ರಗಳ ಎರಡು ದಂಡೆಗಳಲ್ಲಿ, ಇಬ್ಬರೂ ತಮ್ಮ ದುಃಖಕ್ಕೆ ತಕ್ಕ ಒಂದೇ ಪುಟವನ್ನು ಆರಿಸಿಕೊಂಡಿದ್ದರು.

"ಕಡೀಕ ಅವರು ಹೊಳ್ಳಿ ಊರಿಗೆ ಹೋದ್ರೇನು?" ಎಂದು ಕೇಳಿದಳು. ಜಮೈಕದವರನ್ನು ಕುರಿತ ಪ್ರಶ್ನೆಯೋ ಬೈಬಲಿನವರನ್ನು ಕುರಿತುದೋ ತಿಳಿಯದೆ ನಾನು ಸುಮ್ಮನಾದೆ.

ಮುಂದಿನ ರವಿವಾರ ಮೊದಲು ನನ್ನ ತಪ್ಪನ್ನು ತಿದ್ದಿ ಹೇಳಿದೆ. ಬಳಿಕ ಅಜ್ಜಿಯ ಮನೆಯಲ್ಲಿ ಮುದ್ರಿಸಿಕೊಂಡ ಧಮಾಮಿಯನ್ನು, ಹಿಂದೆ ಮುಂದೆ ಯಾವ ಹೋಲಿಕೆಯನ್ನೂ ಸೇರಿಸದೆ, ಪೂರ್ತಿ ಆರು ನಿಮಿಷ ಕೇಳಿಸಿದೆ. ಕೊನೆಗೆ ಆಕೆಯ ಪ್ರಶ್ನೆಯನ್ನೆತ್ತಿಕೊಂಡು, ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸಿ ಶಾಶಮನೆ ಎಂಬಲ್ಲಿ ಆಫ್ರಿಕಕ್ಕೆ ಹಿಂದಿರುಗುವವರಿಗಾಗಿ 500 ಎಕರೆ ಭೂಮಿಯನ್ನು ಬಿಟ್ಟುಕೊಟ್ಟುದನ್ನೂ, ಜಮೈಕದಿಂದ ಕೆಲವು ಕುಟುಂಬಗಳು ಹೋಗಿ ಅಲ್ಲಿ ನೆಲೆಸಿದುದನ್ನೂ, ಉಳಿದವರು ದ್ವೀಪದಲ್ಲಿಯೇ ಹಾಡುತ್ತ ಉಳಿದುದನ್ನೂ ವಿವರಿಸಿದೆ. ಉತ್ತರ ಸಲ್ಲಬೇಕಾದವಳಿಗೆ ಮಾತ್ರ ಅದು ತಲುಪಲಿಲ್ಲ. ದೇಸೂರಿನಾಚೆ ನಮ್ಮ 50 ವ್ಯಾಟು ಸಾಗದು. ಎರಡು ವಾರಗಳ ಬಳಿಕ ಆ ತರುಣನು ರಜೆಯ ಮೇಲೆ ಮನೆಗೆ ಹೋಗುವಾಗ ಕಂತನ್ನು ತನ್ನ ಫೋನಿನಲ್ಲಿ ಹಾಕಿಸಿಕೊಂಡು ಹೋದನು. ಹಿಂತಿರುಗಿದವನು, ಅಜ್ಜಿ ಧಮಾಮಿಯ ಭಾಗವನ್ನು ಎರಡು ಸಲ ಹಚ್ಚಿಸಿ ಕೇಳಿದಳೆಂದೂ, ಶಾಶಮನೆಯ ವಿಷಯ ಬಂದಾಗ, ಅಲ್ಲಿ ಮಳೆ ಹೇಗೆ, ಭತ್ತ ಬೆಳೆಯುತ್ತದೆಯೋ ಎಂದು ವಿಚಾರಿಸಿದಳೆಂದೂ ಹೇಳಿದನು.